ನನ್ನನ್ನೇ ನಾನು ಹಿಂದೆ ಹಾಕಿದ್ದು

ನನಗೀಗ ತೊಂಬತ್ತೊಂದು ವರ್ಷ, ಮತ್ತು ನಮ್ಮೂರಿನ ವೇಗ ನಾನೇ. ಅಂಥವಳ ಹೆಸರಿಗೇ, ಮಿತಿ ಮೀರಿದ ವೇಗದಲ್ಲಿ ಹೋದಿರಿ ಎಂದು ನೋಟೀಸು ಬಂದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ತಂದವನು ದಫೇದಾರ್ ಹೊಂಬಯ್ಯ. ಬಾಗಿಲಲ್ಲಿ ನಿಂತು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಅಜ್ಜಮ್ಮ, ಬೇಜಾರು ಮಾಡ್ಕೋಬೇಡಿ, ಓದಿ ಹೇಳೋದು ನನ್ನ ಡ್ಯೂಟಿ" ಎಂದು ಓದಿದ. 'ಚೆನ್ನಾಜಮ್ಮ ಕೋಂ ದಿವಂಗತ ಗುರುಪಾದಯ್ಯ ಎಂಬ ಹೆಂಗಸು ಇದೇ ತಿಂಗಳ ಇಪ್ಪತ್ತೊಂದರ ಬೆಳಿಗ್ಗೆ, ಸದರಿ ಚೆನ್ನಾಜಮ್ಮ ಎಂಬ ಹೆಂಗಸಿಗಿಂತ ಮೂರೂ ಮುಕ್ಕಾಲು ಪಟ್ಟು ವೇಗವಾಗಿ ಸಾರ್ವಜನಿಕ ರಸ್ತೆಯಲ್ಲಿ ಹೋಗಿರುವುದು ಕಂಡುಬಂದಿದೆ.' ಕೆಳಗೆ ಎರಡು ಚೌಕ. ಒಂದರ ಮುಂದೆ 'ತಪ್ಪಾಯಿತು', ಇನ್ನೊಂದರ ಮುಂದೆ 'ತಪ್ಪಿಲ್ಲ'. ಹದಿನೈದು ದಿನದೊಳಗೆ ಯಾವುದಾದರೂ ಒಂದಕ್ಕೆ ಗುರುತು ಹಾಕಿಕೊಂಡು ಕೋರ್ಟಿಗೆ ಬರಬೇಕು.

ಪ್ರತಿ ವರ್ಷ ಆಯುಧಪೂಜೆ ಮುಗಿದ ಮೇಲೆ, ಗಾಡಿಗಳ ಮೇಲಿನ ಚೆಂಡುಹೂವು ಬಾಡುವ ಮೊದಲೇ, ಊರಿನ ಎಲ್ಲರಿಗಿಂತ ಹಿರಿಯರು ಅಂಚೆ ಕಚೇರಿಯಿಂದ ನೀರಿನ ಟ್ಯಾಂಕಿನವರೆಗೆ ನಾಲ್ಕು ಫರ್ಲಾಂಗು ನಡೆಯಬೇಕು. ಅವರು ತೆಗೆದುಕೊಂಡ ಹೊತ್ತೇ ಆ ವರ್ಷಕ್ಕೆ ಊರಿನ ವೇಗ. ಕಾಲಿಗೂ ಅದೇ, ಚಕ್ರಕ್ಕೂ ಅದೇ. ನನಗಿಂತ ಮೊದಲು ಹಿರಿಯನಾಗಿದ್ದ ಗರಡಿ ಕೆಂಪಣ್ಣ ಹದಿನೆಂಟು ನಿಮಿಷಕ್ಕೆ ನಡೆದು ಬಿಸಾಕುತ್ತಿದ್ದ. ಅವನ ಕಾಲದಲ್ಲಿ ಜನ, ಈ ಮುದುಕ ನಮ್ಮನ್ನು ಓಡಿಸಿ ಓಡಿಸಿ ಕೊಲ್ಲುತ್ತಾನೆ ಎಂದು ಗೊಣಗುತ್ತಿದ್ದರು. ಕೆಂಪಣ್ಣ ತೀರಿಕೊಂಡ. ಕಳೆದ ಆಯುಧಪೂಜೆಗೆ ಸರದಿ ನನಗೆ ಬಂತು. ನಾನು ಐವತ್ತು ನಿಮಿಷ ತೆಗೆದುಕೊಂಡೆ.

ಜನ ಹೊಂದಿಕೊಂಡರು, ಹೊಂದಿಕೊಳ್ಳದೆ ಎಲ್ಲಿಗೆ ಹೋಗುತ್ತಾರೆ. ಸ್ಕೂಟರಿನವರು ಎಂಜಿನ್ ಆರಿಸಿ ಕಾಲಿನಲ್ಲಿ ತಳ್ಳಿಕೊಂಡು ಹೋಗುವುದನ್ನು ಕಲಿತರು. ಬಸ್ಸಿನ ಡ್ರೈವರು ಪೇಪರು ಓದುತ್ತ ಓಡಿಸುತ್ತಿದ್ದ. ಕಂಡಕ್ಟರು ಇಳಿದು ಹೋಟೆಲಿನಲ್ಲಿ ಇಡ್ಲಿ ತಿಂದು ಕೈ ತೊಳೆದು ಬಂದು ಮತ್ತೆ ಹತ್ತುತ್ತಿದ್ದ. ಬೆಂಕಿ ಆರಿಸುವ ಗಾಡಿ ಬೆಂಕಿ ಬೀಳುವವರೆಗೆ ಕಾಯುವಂತಿರಲಿಲ್ಲವಾದ್ದರಿಂದ ಬೆಳಗಾದರೆ ಹೊರಟು, ಎಲ್ಲಿಯಾದರೂ ಬಿದ್ದೀತು ಎಂಬ ಭರವಸೆಯ ಮೇಲೆ ಬೀದಿ ಬೀದಿ ಸುತ್ತುತ್ತಿತ್ತು. ಮದುವೆಯ ದಿಬ್ಬಣ ಹಿಂದಿನ ದಿನವೇ ಹೊರಡುತ್ತಿತ್ತು. ಗುಮಾಸ್ತರು ಮಾತ್ರ ಸುಖವಾಗಿದ್ದರು. ಮಧ್ಯಾಹ್ನ ಕಚೇರಿಗೆ ಬಂದು, ಯಾಕೆ ತಡ ಎಂದರೆ, "ಚೆನ್ನಾಜಮ್ಮನೋರ ನಡಿಗೆ ಸಾರ್" ಎನ್ನುತ್ತಿದ್ದರು. ಮೇಲಧಿಕಾರಿಯೂ ಆಗಷ್ಟೇ ಬಂದಿರುತ್ತಿದ್ದ.

ಠಾಣೆಯಲ್ಲಿ ವೇಗ ಅಳೆಯುವ ಯಂತ್ರವೇನೂ ಇಲ್ಲ. ಪೊಲೀಸರು ಹಿರಿಯರ ನಡಿಗೆಯನ್ನೇ ಕಲಿತುಕೊಂಡು ರಸ್ತೆಯಲ್ಲಿ ನಡೆಯುತ್ತಾರೆ. ಅವರನ್ನು ದಾಟಿ ಮುಂದೆ ಹೋದವನು ಅಪರಾಧಿ. ಕೆಂಪಣ್ಣನ ಕಾಲದಲ್ಲಿ ಎಲ್ಲರೂ ಎದೆ ಸೆಟೆಸಿಕೊಂಡು ಚೆನ್ನಾಗಿ ಕಾಣುತ್ತಿದ್ದರು. ನಾನು ಬಂದ ಮೇಲೆ ಗಿರಿಜಾ ಮೀಸೆಯ ಗಂಡಸರೆಲ್ಲ ಎಡಗೈ ಸೊಂಟದ ಮೇಲಿಟ್ಟು, ಐವತ್ತು ಹೆಜ್ಜೆಗೊಮ್ಮೆ ನಿಂತು "ಶಿವನೇ" ಎಂದು, ಇಲ್ಲದ ಸೆರಗನ್ನು ಹೆಗಲಿಗೆ ಎಳೆದುಕೊಂಡು ಮುಂದೆ ಹೋಗುವಂತಾಯಿತು. ಮೊದಲ ದಿನ ನೋಡಿ ನನಗೆ ಅವಮಾನವಾಯಿತು. ಎರಡನೆಯ ದಿನ ಹೊಂಬಯ್ಯನನ್ನು ಕರೆದು, ನಾನು 'ಶಿವನೇ' ಎನ್ನುವುದು ಅಷ್ಟು ಜೋರಾಗಿ ಅಲ್ಲ ಎಂದು ತಿದ್ದಿದೆ.

ಇನ್ನು ಆ ಇಪ್ಪತ್ತೊಂದನೇ ತಾರೀಖಿನ ವಿಷಯ. ನನ್ನ ಮಗ ಹೋಗಿ ಎಂಟು ವರ್ಷವಾಯಿತು. ಮನೆಯಲ್ಲಿ ಇರುವುದು ನಾನು, ಅಂಗನವಾಡಿಯಲ್ಲಿ ಟೀಚರಾಗಿರುವ ಸೊಸೆ ದಾಕ್ಷಾಯಿಣಿ, ಮೊಮ್ಮಗಳು ಮೇದಿನಿ. ಹುಡುಗಿಗೆ ಹತ್ತನೇ ಕ್ಲಾಸಿನ ಪರೀಕ್ಷೆ. ಹಿಂದಿನ ದಿನ ಅವಳ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಜೋಪಾನವಾಗಿರಲಿ ಎಂದು ವಿಭೂತಿ ಡಬ್ಬಿಯ ಅಡಿಗೆ ಸೇರಿಸಿದವಳು ನಾನೇ. ಆರೂವರೆಗೆ ಅವಳು ಹೊರಟಳು, ಹಿಂದೆಯೇ ಸೊಸೆಯೂ ಹೊರಟಳು. ಒಂಬತ್ತೂ ಕಾಲಿಗೆ ನಾನು ಪೂಜೆಗೆ ಕೂತು ವಿಭೂತಿಗೆ ಕೈ ಹಾಕಿದರೆ ಅಡಿಯಲ್ಲಿ ಹಾಲ್ ಟಿಕೆಟ್ಟು. ಹತ್ತು ಗಂಟೆಗೆ ಗೇಟು ಮುಚ್ಚುತ್ತಾರೆ. ಶಾಲೆ ಇರುವುದು ಹನ್ನೆರಡು ಫರ್ಲಾಂಗು ಆಚೆ. ನನ್ನ ವೇಗದಲ್ಲಿ ನಾನು ಹೊರಟರೆ ಮುಟ್ಟುವುದು ಹನ್ನೊಂದೂ ಮುಕ್ಕಾಲಿಗೆ.

ಸೀರೆ ಎತ್ತಿ ಕಟ್ಟಿದೆ. ಅದನ್ನು ಓಟ ಎನ್ನಲಾರೆ, ಆದರೆ ನಡಿಗೆ ಎಂದರೆ ನಡಿಗೆಗೆ ಅವಮಾನ. ಎರಡು ಬಸ್ಸು ದಾಟಿದೆ. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು, ಯಾರೋ ಒಬ್ಬರು ಕೈಮುಗಿದರು. ಹಳೇ ಜಿನ್ನಿಂಗ್ ಮಿಲ್ಲಿನ ಹತ್ತಿರ ನನ್ನನ್ನೇ ನಾನು ಬೆನ್ನ ಹಿಂದಿನಿಂದ ನೋಡಿದೆ. ಸೊಂಟದ ಮೇಲೆ ಕೈ, ವಾಲಿದ ಬಲಭುಜ, ಇನ್ನೇನು 'ಶಿವನೇ' ಎನ್ನಬೇಕು. ಹೊಂಬಯ್ಯ. ಪಕ್ಕದಿಂದ ದಾಟಿದೆ. "ಅಜ್ಜಮ್ಮ, ನಿಮ್ಮನ್ನ ನೀವೇ ಹಿಂದೆ ಹಾಕ್ತಾ ಇದೀರಿ" ಎಂದ. "ಹಾಕ್ತೀನಿ, ನಿಂಗೇನೋ" ಎಂದೆ. ಪಾಪ, ಅವನು ಬೆನ್ನಟ್ಟುವ ಹಾಗಿಲ್ಲ, ಅವನೂ ನನ್ನ ವೇಗದಲ್ಲಿಯೇ ಬರಬೇಕು. ಶಾಲೆಯ ಗೇಟು ಮುಟ್ಟಿದಾಗ ಹತ್ತಕ್ಕೆ ಆರು ನಿಮಿಷ ಇತ್ತು. ಮೇದಿನಿ ಗೇಟಿನ ಒಳಗೆ ನಿಂತು ಅಳುತ್ತಿದ್ದಳು. ಹಾಲ್ ಟಿಕೆಟ್ಟು ಕಿತ್ತುಕೊಂಡು ಓಡಿದಳು.

ನೋಟೀಸು ಬಂದ ಮರುದಿನ ವಕೀಲ ಪುಟ್ಟಮಾದಯ್ಯನನ್ನು ಕರೆಸಿದೆ. ಮೂರು ಸಲ ಓದಿ, ಕನ್ನಡಕ ಒರೆಸಿ, ನಾಲ್ಕನೇ ಸಲ ಓದಿದ. "ತಪ್ಪಾಯ್ತು ಅಂದ್ರೆ ಒಂದು ವರ್ಷ ನಿಮ್ಮ ಚಪ್ಪಲಿ ಕೋರ್ಟಲ್ಲಿ ಇಟ್ಕೋತಾರೆ, ನೀವು ಹೊಸಿಲು ದಾಟೋ ಹಾಗಿಲ್ಲ. ಅದು ಹೋಗ್ಲಿ. ತಪ್ಪು ವೇಗದಲ್ಲಿ ಬಂದ ಸಾಮಾನು ಬಂದೇ ಇಲ್ಲ ಅಂತ ನಮ್ಮ ಕಾನೂನು. ಹಾಲ್ ಟಿಕೆಟ್ ಬಂದಿಲ್ಲ ಅಂದ್ಮೇಲೆ ಹುಡುಗಿ ಪರೀಕ್ಷೆ ಬರೆದಿಲ್ಲ."

"ಬರೆದಿದ್ದಾಳಲ್ಲಪ್ಪ. ಕೈಯೆಲ್ಲ ಇಂಕಾಗಿತ್ತು."

"ಇಂಕು ಸಾಕ್ಷಿ ಆಗಲ್ಲ ತಾಯಿ. ಒಂದು ಪೇಪರ್ ಹೋಯ್ತು ಅಂದ್ರೆ ವರ್ಷ ಹೋಯ್ತು."

"ಹಾಗಾದ್ರೆ ತಪ್ಪಿಲ್ಲ ಅಂತೀನಿ."

ಪುಟ್ಟಮಾದಯ್ಯ ನನ್ನ ಕಾಲುಗಳ ಕಡೆ ನೋಡಿದ. "ತಪ್ಪಿಲ್ಲ ಅಂದ್ರೆ ಅದೇ ನಿಮ್ಮ ನಿಜವಾದ ವೇಗ ಅಂತ ಆಗುತ್ತೆ. ಹಂಗಾದ್ರೆ ಆಯುಧಪೂಜೆ ಮಾರನೇ ದಿನ ನೀವು ನಡೆದಿದ್ದು ಏನು ಅಂತ ಜಡ್ಜು ಕೇಳ್ತಾರೆ. ಊರೆಲ್ಲ ಕೂತು ಕೇಳುತ್ತೆ. ಉತ್ತರ ಕೊಟ್ಟ ಮೇಲೆ ಮತ್ತೆ ನಾಲ್ಕು ಫರ್ಲಾಂಗು ನಡೆಸ್ತಾರೆ. ಹದಿಮೂರು ನಿಮಿಷದಲ್ಲಿ ಮುಟ್ಟಬೇಕು. ಮುಟ್ಟಲಿಲ್ಲ ಅಂದ್ರೆ ತಪ್ಪಾಯ್ತು ಅಂತಲೇ ಲೆಕ್ಕ, ಚಪ್ಪಲೀನೂ ಹೋಯ್ತು, ಪರೀಕ್ಷೇನೂ ಹೋಯ್ತು."

ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಸ್ವಲ್ಪ ಹತ್ತಿರ ಸರಿದು, "ಮೂರನೇ ದಾರಿ ಒಂದಿದೆ" ಎಂದ. "ಅರಳುಮರಳು ಅಂತ ಹೇಳೋದು. ಏನು ಮಾಡಿದೆ ಅಂತ ಗೊತ್ತಾಗಲಿಲ್ಲ, ಕಾಲು ತಾನೇ ಹೋಯ್ತು ಅಂತ. ಕೇಸು ಬಿದ್ದು ಹೋಗುತ್ತೆ. ಆದ್ರೆ ಅರಳುಮರಳಾದವರು ಊರಿನ ಹಿರಿಯರಾಗಿ ಇರೋ ಹಾಗಿಲ್ಲ. ನಿಮ್ಮ ನಂತರ ಮಲ್ಲಾರಪ್ಪ."

ಮಲ್ಲಾರಪ್ಪನಿಗೆ ಎಂಬತ್ತೊಂಬತ್ತು. ಅವನು ಹಾಸಿಗೆ ಹಿಡಿದು ಮೂರು ವರ್ಷ. ಅವನು ಹಿರಿಯನಾದರೆ ಊರು ಇದ್ದಲ್ಲೇ ನಿಲ್ಲಬೇಕು. ಈ ಸುದ್ದಿ ಅದು ಹೇಗೋ ಹೊರಗೆ ಬಿದ್ದು, ಮರುದಿನದಿಂದ ಹೋಗುವವರು ಬರುವವರೆಲ್ಲ ನನ್ನ ತಲೆ ಸರಿಯಿದೆಯೇ ಎಂದು ಪರೀಕ್ಷೆ ಮಾಡತೊಡಗಿದರು. "ಅಜ್ಜಿ, ಇವತ್ತು ಯಾವ ವಾರ?" ಎಂದು ಒಬ್ಬ. "ಅಜ್ಜಿ, ನಾನ್ಯಾರು ಹೇಳಿ" ಎಂದು ಇನ್ನೊಬ್ಬ. "ನೀನು ಶೀನಪ್ಪನ ಮಗ, ಏಳನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ" ಎಂದರೆ ಅವನ ಮುಖ ಅರಳುತ್ತಿತ್ತು. ಅಬ್ಬಾ, ಅಜ್ಜಿಗೆ ಎಲ್ಲ ನೆನಪಿದೆ ಎಂದು ಹೋಗಿ ನಾಲ್ಕು ಜನಕ್ಕೆ ಸಾರುತ್ತಿದ್ದ.

ಆಮೇಲೆ ನಿಯೋಗಗಳು. ಮೊದಲು ಬಂದವರು ರಸ್ತೆ ಬದಿಯ ವ್ಯಾಪಾರಿಗಳ ಸಂಘದವರು, ಬಾಳೆಹಣ್ಣಿನ ಚಿಪ್ಪಿನ ಸಮೇತ. ನನ್ನ ಕಾಲದಲ್ಲಿ ಅವರಿಗೆ ಸುಗ್ಗಿ. ಬಸ್ಸು ಅಂಗಡಿಯ ಮುಂದೆ ಹಾಯುವಷ್ಟರಲ್ಲಿ ಪ್ರಯಾಣಿಕರಿಗೆ ಕಡಲೆಕಾಯಿ ಹುರಿದು ಕೊಡಬಹುದಿತ್ತು. "ತಪ್ಪಾಯ್ತು ಅಂದ್ಬಿಡಿ ಅಮ್ಮಾ, ಮನೇಲಿ ಆರಾಮಾಗಿ ಕೂತ್ಕೊಳ್ಳಿ, ನಾವಿದೀವಿ" ಎಂದರು. ಅವರು ಮೆಟ್ಟಿಲು ಇಳಿಯುವಾಗಲೇ ಯುವಕ ಸಂಘದವರು ಹತ್ತಿದರು, ಸೇಬಿನ ಸಮೇತ. ಅವರ ಮೋಟಾರು ಸೈಕಲ್ಲುಗಳಲ್ಲಿ ಜೇಡ ಬಲೆ ಕಟ್ಟಿತ್ತು. "ತಪ್ಪಿಲ್ಲ ಅನ್ನಿ ಅಜ್ಜಿ, ನಿಮ್ಮ ಜೊತೆ ಇಡೀ ಯುವಶಕ್ತಿ ಇದೆ" ಎಂದರು. ಪುರಸಭೆಯ ಅಧ್ಯಕ್ಷರು ಬಂದು, ಯಾರಿಗೂ ನೋವಾಗದ ಹಾಗೆ ಎರಡು ಚೌಕದ ನಡುವೆ ಒಂದು ಗೆರೆ ಎಳೆದರೆ ಹೇಗೆ ಎಂದು ಕೇಳಿ, ಕಾಫಿ ಕುಡಿದು ಹೋದರು. ನೀನು ಯಾಕೆ ಓಡಿದೆ ಎಂದು ಒಬ್ಬರಾದರೂ ಕೇಳಲಿಲ್ಲ. ಹಣ್ಣು ಮಾತ್ರ ಮನೆಯಲ್ಲಿ ಕೊಳೆಯುವಷ್ಟಾಯಿತು.

ಈಗ ನಿಜ ಹೇಳುತ್ತೇನೆ. ಆಯುಧಪೂಜೆಯ ಮರುದಿನ ನಾನು ಬೇಕೆಂದೇ ನಿಧಾನವಾಗಿ ನಡೆದೆ. ಹದಿನಾರನೇ ವರ್ಷಕ್ಕೆ ಮದುವೆಯಾಗಿ ಬಂದಾಗಿನಿಂದ ನಾನು ಕೇಳಿದ್ದು ಒಂದೇ ಮಾತು, ಬೇಗ. ಬೇಗ ಏಳು, ಬೇಗ ಬಡಿಸು, ಬೇಗ ಹೊರಡು. ನನ್ನ ಯಜಮಾನರು ಕೆಟ್ಟವರಲ್ಲ, ಆದರೆ ರಸ್ತೆಯಲ್ಲಿ ಯಾವಾಗಲೂ ನನಗಿಂತ ಹತ್ತು ಮಾರು ಮುಂದೆ. ಐವತ್ತೆರಡು ವರ್ಷದ ಸಂಸಾರದಲ್ಲಿ ಅವರ ಬೆನ್ನು ನನಗೆ ಗೊತ್ತಿರುವಷ್ಟು ಮುಖ ಗೊತ್ತಿಲ್ಲ. ಆ ದಿನ ಅಂಚೆ ಕಚೇರಿಯ ಮುಂದೆ ನಿಂತು ನೋಡಿದರೆ ರಸ್ತೆಯ ಎರಡೂ ಬದಿಗೆ ಇಡೀ ಊರು ನಿಂತಿತ್ತು, ತಹಶೀಲ್ದಾರರೂ ನಿಂತಿದ್ದರು. ನಾನು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಸರಿಯುತ್ತಿದ್ದರು, ನಿಂತರೆ ನಿಲ್ಲುತ್ತಿದ್ದರು. ಹಾಗಾದರೆ ನಿಲ್ಲಲಿ ಎನ್ನಿಸಿತು. ಸೊಂಟದ ಮೇಲೆ ಕೈ ಇಟ್ಟೆ. ಸೊಂಟಕ್ಕೇನೂ ಆಗಿರಲಿಲ್ಲ.

ಅದರ ಸುಖ ಆ ಒಂದು ದಿನಕ್ಕೇ ಮುಗಿಯಲಿಲ್ಲ. ಊರೇ ನನ್ನ ನಡಿಗೆಗೆ ಬಂದ ಮೇಲೆ ಜನ ನನ್ನ ಪಕ್ಕದಲ್ಲಿ ನಡೆಯತೊಡಗಿದರು. ಇಪ್ಪತ್ತು ವರ್ಷ ಇನ್ನೊಂದು ಕೋಣೆಯಿಂದಲೇ ಮಾತಾಡಿದ ದಾಕ್ಷಾಯಿಣಿ ಸಂತೆಗೆ ಹೋಗುವ ದಾರಿಯಲ್ಲಿ ತಾನು ಚಿಕ್ಕವಳಿದ್ದಾಗ ನಾಟಕದಲ್ಲಿ ಅರ್ಜುನನ ಪಾತ್ರ ಮಾಡಿದ್ದನ್ನು ಹೇಳಿ ನಕ್ಕಳು. ಅವಳು ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ವೇಗ ಬಂದರೆ ಇದೆಲ್ಲ ಹೋಗುತ್ತದೆ, ಮತ್ತೆ ಎಲ್ಲರ ಬೆನ್ನು ನೋಡಿಕೊಂಡು ಬರಬೇಕು. ನನಗೆ ಅದು ಬೇಡವಾಗಿತ್ತು. ಹನ್ನೆರಡನೇ ದಿನದವರೆಗೂ ನಾನು ಎರಡೂ ಚೌಕ ಖಾಲಿ ಬಿಟ್ಟೆ.

ಹದಿಮೂರನೆಯ ದಿನ ಸಾಯಂಕಾಲ ಮೇದಿನಿ ಬಂದು ಎದುರಿಗೆ ಕೂತಳು. ಪರೀಕ್ಷೆ ಎಲ್ಲ ಮುಗಿದಿತ್ತು. "ಅಜ್ಜಿ, ಒಂದು ಕೇಳ್ಲಾ? ಶಾಲೆಗೆ ನಲವತ್ತು ನಿಮಿಷದಲ್ಲಿ ಬರೋಕಾಗುತ್ತೆ ಅಂದ್ರೆ, ಟ್ಯಾಂಕಿನ ಹತ್ರ ಹೋಗೋಕೆ ನಿಂಗೆ ಐವತ್ತು ನಿಮಿಷ ಯಾಕೆ ಬೇಕಾಯ್ತು?"

ಊರಿನ ದೊಡ್ಡವರು ಯಾರೂ ಹಾಕದ ಲೆಕ್ಕ. "ಆವತ್ತು ನಂಗೆ ಹಾಗೆ ನಡೀಬೇಕು ಅನ್ನಿಸ್ತು" ಎಂದೆ.

"ಬೇಕೂಂತ್ಲಾ?"

"ಹೂಂ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. "ಆರು ತಿಂಗಳಿಂದ ನಾನು ಐದು ಗಂಟೆಗೆ ಏಳ್ತಾ ಇದೀನಿ ಅಜ್ಜಿ" ಎಂದಳು. "ಆರೂವರೆಗೆ ಹೊರಟ್ರೆ ಒಂಬತ್ತಕ್ಕೆ ಶಾಲೆ. ಸಾಯಂಕಾಲ ಬರೋ ಹೊತ್ತಿಗೆ ಏಳು ಗಂಟೆ. ಕ್ಲಾಸಲ್ಲಿ ನಿದ್ದೆ ಮಾಡಿದೆ ಅಂತ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ನಮ್ಮಜ್ಜಿಗೆ ವಯಸ್ಸಾಗಿದೆ, ಅವಳಿಗೆ ಕಾಲು ನೋವು, ಇಷ್ಟಾದ್ರೂ ನಾವು ಮಾಡ್ಬೇಕಲ್ವಾ ಅಂತ ನಾನು ಸುಮ್ನಿದ್ದೆ." ಎದ್ದು ಒಳಗೆ ಹೋದಳು. ಅವಳು ನನಗಾಗಿ ಕಾದಿದ್ದಳು, ಮತ್ತು ಹಾಗೆ ಕಾಯುವವರ ಸಾಲಿನಲ್ಲಿ ಈ ಮಗುವೂ ಇದೆ ಎಂಬುದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಪೆನ್ನು ತರಿಸಿ 'ತಪ್ಪಿಲ್ಲ'ದ ಮುಂದೆ ಗುರುತು ಹಾಕಿದೆ.

ಕೋರ್ಟು ಹನ್ನೊಂದಕ್ಕೆ ಎಂದಿತ್ತು. ಜಡ್ಜು ಸಾಹೇಬರು ಕಾನೂನು ಪಾಲಿಸಿಕೊಂಡು ಒಂದೂವರೆಗೆ ಬಂದರು. ಕೋಣೆ ತುಂಬಿ ಕಿಟಕಿಯಲ್ಲೂ ಜನ ಕೂತಿದ್ದರು.

"ಏನಮ್ಮ, ತಪ್ಪಿಲ್ಲ ಅಂತೀರಾ?"

"ಇಲ್ಲ ಸ್ವಾಮಿ. ನಾನು ನಡೆಯೋದೇ ಹಾಗೆ."

"ಹಾಗಾದ್ರೆ ಆಯುಧಪೂಜೆ ಮಾರನೇ ದಿನ ನಡೆದಿದ್ದು?"

"ನೀವೆಲ್ಲ ನಿಂತಿದ್ರಿ" ಎಂದೆ. "ನಂಗೋಸ್ಕರ ಯಾರೂ ಯಾವತ್ತೂ ನಿಂತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಅಂತ ನಿಧಾನ ಮಾಡಿದೆ. ಇಷ್ಟೇ."

ಯಾರೋ ಹೆಂಗಸು ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡಳು. ಹಿಂದಿನಿಂದ ಯುವಶಕ್ತಿಯೊಬ್ಬ, "ಮುದುಕಿಯ ಶೋಕಿಗೆ ಆರು ತಿಂಗಳು ಹಾಳು" ಎಂದ. ವ್ಯಾಪಾರಿಗಳು ನನ್ನ ಕಡೆ ನೋಡಲಿಲ್ಲ. ಜಡ್ಜು ದಪ್ಪ ಪುಸ್ತಕ ತೆಗೆಸಿ ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಹುಡುಕಿದರು. ನಿಧಾನಕ್ಕೆ ಶಿಕ್ಷೆ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಸಿಗಲಿಲ್ಲ. ನಾಳೆ ಬೆಳಿಗ್ಗೆ ಮರುನಡಿಗೆ, ಹದಿಮೂರು ನಿಮಿಷ ಎಂದು ಬರೆಸಿ ಎದ್ದರು.

ಮರುದಿನವೂ ರಸ್ತೆಯ ಎರಡೂ ಬದಿಗೆ ಊರು ನಿಂತಿತ್ತು, ಆದರೆ ಯಾರ ಮುಖವೂ ಚೆನ್ನಾಗಿರಲಿಲ್ಲ. ಚಪ್ಪಲಿ ಬಿಟ್ಟು ಹೊರಟೆ. ಮೊದಲ ಎರಡು ಫರ್ಲಾಂಗು ಸಿಟ್ಟಿನಲ್ಲಿ ಮುಗಿಯಿತು. ಮೂರನೆಯದರಲ್ಲಿ ಸೊಂಟ ನಿಜವಾಗಿಯೂ ಹಿಡಿಯಿತು. ನಗಬಾರದು, ಕೈ ಸೊಂಟಕ್ಕೆ ಹೋಗುತ್ತಿತ್ತು, ಅದನ್ನು ಬಲವಂತವಾಗಿ ಕೆಳಗಿಳಿಸುತ್ತಿದ್ದೆ. ಇಟ್ಟರೆ ಮತ್ತೆ ನಾಟಕ ಎನ್ನುತ್ತಾರೆ. ಪಕ್ಕದಲ್ಲಿ ಹೊಸ ನಡಿಗೆ ಕಲಿಯಲೆಂದು ಹೊಂಬಯ್ಯ ಏದುಸಿರು ಬಿಡುತ್ತ ಬರುತ್ತಿದ್ದ. "ಅಜ್ಜಮ್ಮ, ಒಂಬತ್ತು ನಿಮಿಷ ಆಯ್ತು" ಎಂದ. ಆಮೇಲೆ, "ಹನ್ನೊಂದು" ಎಂದ. ಟ್ಯಾಂಕಿನ ಕೆಳಗೆ ಮೇದಿನಿ ನಿಂತಿದ್ದಳು. ಈ ಸಲ ಅಳುತ್ತಿರಲಿಲ್ಲ. ಮುಖ ಊದಿಸಿಕೊಂಡು, ಕೈ ಕಟ್ಟಿಕೊಂಡು, ನೀನು ಬರಬಲ್ಲೆ ಎಂದು ನನಗೆ ಗೊತ್ತಿದೆ ಎನ್ನುವ ಹಾಗೆ ನಿಂತಿದ್ದಳು. ಆ ಮುಖ ನೋಡಿಕೊಂಡು ಹೋದೆ. ಹನ್ನೆರಡು ನಿಮಿಷ ನಲವತ್ತು ಸೆಕೆಂಡು.

ತಮಟೆ ಬಡಿದರು. ಒಂದು ಗಳಿಗೆಯಲ್ಲಿ ರಸ್ತೆ ಖಾಲಿ. ಮೋಟಾರು ಸೈಕಲ್ಲುಗಳು ಹೊರಬಂದವು, ತೊಂಬತ್ತೊಂದು ವರ್ಷದ ಮುದುಕಿಯ ಬಿರುನಡಿಗೆಯಲ್ಲಿ ಊರು ಹಾರಿತು. ಇಂಥ ವೇಗವನ್ನು ಈ ಊರು ಕಂಡೇ ಇಲ್ಲ ಎಂದು ಯುವಕ ಸಂಘದವರು ಪಟಾಕಿ ಹೊಡೆದರು. ಬಸ್ಸಿನ ಡ್ರೈವರಿಗೆ ಓದುವ ಪೇಪರು ಅರ್ಧಕ್ಕೇ ನಿಂತಿತು. ಕಡಲೆಕಾಯಿಯವರು ನನ್ನನ್ನು ಕಂಡರೆ ಬೇರೆ ಕಡೆ ತಿರುಗುತ್ತಾರೆ. ನಾನು ಸಂತೆಗೆ ಹೊರಟರೆ ಈಗ ಜೊತೆಗೆ ಯಾರೂ ಇರುವುದಿಲ್ಲ, ದಾಕ್ಷಾಯಿಣಿಯೂ ಮುಂದೆ ಹೋಗಿ ತರಕಾರಿ ಆರಿಸಿ ವಾಪಸು ಬರುತ್ತಾಳೆ. ಕಾನೂನಿನಂತೆ ನನ್ನ ವೇಗದಲ್ಲಿ ನಾನು ದಿನವೂ ನಡೆಯಬೇಕು ಎಂದೇನಿಲ್ಲವಲ್ಲ. ಬೇಜಾರಾಗುತ್ತದೆ, ಆಗುವುದಿಲ್ಲ ಎಂದರೆ ಸುಳ್ಳು.

ಮೇದಿನಿ ಪಾಸಾದಳು, ಏನೋ ಫಸ್ಟ್ ಕ್ಲಾಸು ಎಂದರು. ಶಾಲೆಗಿಂತ ಇನ್ನೂ ಎರಡು ಫರ್ಲಾಂಗು ಆಚೆ ಕಾಲೇಜು. ಆದರೆ ನಾನು ನಿಜ ಒಪ್ಪಿಕೊಂಡ ಆ ಸಾಯಂಕಾಲದಿಂದ ಅವಳು ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಊಟಕ್ಕೆ ಬಾ, ಮಾತ್ರೆ ತಗೋ, ಅಷ್ಟೇ. ಕಾಲೇಜು ಶುರುವಾಗುವ ದಿನ ನಾನು ಐದಕ್ಕೇ ಎದ್ದೆ. ಅವಳ ಕೋಣೆಗೆ ಹೋಗಿ ನೋಡಿದರೆ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ಹಾಸಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಆರು ಹೊಡೆಯಿತು, ಆರೂವರೆ ಹೊಡೆಯಿತು. ದಾಕ್ಷಾಯಿಣಿ ಬಾಗಿಲಿಗೆ ಬಂದು, "ಎಬ್ಬಿಸಲಾ ಅತ್ತೆ?" ಎಂದಳು. ಬೇಡ ಎಂದು ಕೈಯಾಡಿಸಿದೆ. ಏಳಾಯಿತು. ಬೀದಿಯಲ್ಲಿ ಮೊದಲ ಬಸ್ಸು ಹೋಯಿತು. ಏಳೂ ಕಾಲಿಗೆ ಅವಳು ಮಗ್ಗುಲಾಗಿ ಅರ್ಧ ಕಣ್ಣು ತೆರೆದಳು.

"ಮೇದಿನಿ, ನಂದು ತಪ್ಪಾಯ್ತು ಕಣೇ" ಎಂದೆ.

ಅವಳು ನನ್ನನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು. "ಅಜ್ಜಿ, ಇನ್ನೂ ಅರ್ಧ ಗಂಟೆ ಇದೆ" ಎಂದು ನನ್ನ ಕೈಯನ್ನು ಎಳೆದು ಕೆನ್ನೆಯ ಅಡಿಗೆ ಇಟ್ಟುಕೊಂಡು ಮತ್ತೆ ನಿದ್ದೆ ಹೋದಳು. ಕೈ ಜೋಮು ಹಿಡಿಯಿತು. ನಾನು ಅಲ್ಲಾಡಲಿಲ್ಲ.